ಕೈಗೆ ಸುತ್ತಿಕೊಳ್ಳಬಾರದ ಹಗ್ಗ

ಸಾಮಾನು ಆರಿಸಿ ಕೊಳ್ಳುವ ವಿದ್ಯೆಯಲ್ಲಿ ನಾವು ಹೆಂಗಸರು ಯಾರಿಗೂ ಕಡಿಮೆಯಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರೆಷ್ಟಿದೆ ಎಂದು ಹೇಳುತ್ತೇವೆ. ಮಣ್ಣಿನ ಗಡಿಗೆಯನ್ನು ಬೆರಳಿನಿಂದ ಬಡಿದು ಬಿರುಕು ಬಿಟ್ಟಿದೆಯೋ ಇಲ್ಲವೋ ಕಂಡುಹಿಡಿಯುತ್ತೇವೆ. ಕಡಲ ತೀರದವರಾದರಂತೂ ಮೀನಿನ ಕಿವಿರೆತ್ತಿ ನೋಡದೆ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತದೆ, ಒಂದು ಬಂಗಡೆಯನ್ನೂ ಬುಟ್ಟಿಯಿಂದ ಎತ್ತಿದವರಲ್ಲ. ಆದರೆ ಆ ಮೀನನ್ನು ಹೊಡೆಯುವ ಈಟಿಯನ್ನು ಹೇಗೆ ಆರಿಸಬೇಕು, ಅದಕ್ಕೆ ಹಗ್ಗ ಹೇಗೆ ಕಟ್ಟಬೇಕು ಎಂಬ ಪಾಠ ನನಗೆ ಅರವತ್ತು ದಾಟಿದ ಮೇಲೆ, ಅದೂ ಆಸ್ಟ್ರೇಲಿಯಾದ ಒಂದು ಅಂಗಡಿಯಲ್ಲಿ ಆಗುತ್ತದೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ನನ್ನ ಮಗಳು ಬ್ರಿಸ್ಬೇನ್‌ನಲ್ಲಿದ್ದಾಳೆ. ಕಾರವಾರದ ಕಡಲ ದಂಡೆಯಲ್ಲಿ ಬೆಳೆದ ಹುಡುಗಿ. ಸೈಕಲ್ ಕಲಿಯುವ ಮೊದಲೇ ಈಜು ಕಲಿತವಳು. ಅಳಿಯ ಶಿರಸಿ ಕಡೆಯವನು. ಮೀನಿನ ವಾಸನೆ ಬಂದರೆ ಸದ್ದಿಲ್ಲದೆ ಎದ್ದು ಕಿಟಕಿ ತೆರೆಯುತ್ತಾನೆ, ಒಂದು ಮಾತೂ ಆಡುವುದಿಲ್ಲ. 2024ರ ಫೆಬ್ರವರಿಯಲ್ಲಿ ನಾನು ಮೂರು ತಿಂಗಳಿಗೆಂದು ಅವರ ಮನೆಗೆ ಹೋದೆ. ಉಪ್ಪಿನಕಾಯಿ, ಹಪ್ಪಳ, ಕೋಕಂ ಎಲ್ಲ ಕಟ್ಟಿಕೊಂಡು ಹೋದವಳಿಗೆ ಮಗಳ ಕಾರ್ ಶೆಡ್ಡಿನ ಗೋಡೆಯ ಮೇಲೆ ನೇತುಹಾಕಿದ್ದ ಒಂದು ಬಂದೂಕು ಕಾಣಿಸಿತು. ಎದೆ ಧಸಕ್ಕೆಂದಿತು. "ಆಯಿ, ಅದು ಮದ್ದಿನ ಬಂದೂಕಲ್ಲ, ಮೀನಿಂದು" ಎಂದು ಮಗಳು ನಕ್ಕಳು. ಮೂರು ವರ್ಷದಿಂದ ಅವಳು ದಂಡೆಯ ಬಂಡೆಗಳ ನಡುವೆ ಮುಳುಗಿ ಸಣ್ಣಪುಟ್ಟ ಮೀನು ಹೊಡೆಯುತ್ತಿದ್ದಾಳಂತೆ. ಈಗ ತೆರೆದ ಕಡಲಿಗೆ ಹೋಗಿ ದೊಡ್ಡ ಮೀನು ಹೊಡೆಯಬೇಕಂತೆ. ಅದಕ್ಕೆ ಈ ಸಾಮಾನು ಸಾಲದು, ಹೊಸದು ಬೇಕು, "ನೀನೂ ಬಾ ಅಂಗಡಿಗೆ" ಎಂದಳು.

ಈ ಬೇಟೆಯ ರೀತಿಯನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆ ಮೀನುಗಾರಿಕೆಯೆಂದರೆ ಬಲೆ, ಇಲ್ಲದಿದ್ದರೆ ಗಾಳ. ನಾನು ಚಿಕ್ಕವಳಿದ್ದಾಗ ರಂಪಣಿ ಬಲೆ ಎಳೆಯಲು ಊರಿಗೆ ಊರೇ ದಂಡೆಗೆ ಬರುತ್ತಿತ್ತು. ಬಲೆಗೆ ಬಿದ್ದದ್ದೆಲ್ಲ ದಂಡೆಗೆ; ಬೇಕಾದದ್ದು, ಬೇಡವಾದದ್ದು ಆಮೇಲೆ ಬೇರೆಯಾಗುತ್ತಿತ್ತು. ಈಟಿಯವರದು ಬೇರೆ. ಒಂದೇ ಒಂದು ಉಸಿರು ಎಳೆದುಕೊಂಡು ಮುಳುಗಬೇಕು, ಆ ಉಸಿರು ಮುಗಿಯುವುದರೊಳಗೆ ಮೀನನ್ನು ನೋಡಿ, ಯಾವ ಜಾತಿ, ಎಷ್ಟು ಉದ್ದ ಎಂದು ಅಳೆದು, ಹೊಡೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಿ ಮೇಲೆ ಬರಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಈಟಿ ಹಿಡಿಯುವುದನ್ನು ಅಲ್ಲಿಯ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಾನೂನು ಒಪ್ಪುವುದಿಲ್ಲ.

ಈ ಕಟ್ಟುಪಾಡಿನ ಹಿಂದೆ ಒಂದು ಕತೆಯೂ ಇದೆ. 1950-60ರ ದಶಕದಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಈಟಿಯ ಹುಚ್ಚು ಹೆಚ್ಚಿತ್ತು. ಗ್ರೇ ನರ್ಸ್ ಎಂಬ ಶಾರ್ಕ್, ಹೊರಚಾಚಿದ ಹಲ್ಲುಗಳಿಂದಾಗಿ ನೋಡಲು ಭಯಂಕರ, ಸ್ವಭಾವದಲ್ಲಿ ಸಾಧು. ಹಲ್ಲು ನೋಡಿ ನರಭಕ್ಷಕನೆಂದು ತಿಳಿದು ಅದನ್ನು ಹೊಡೆದೇ ಹೊಡೆದರು. ಕೊನೆಗೆ 1984ರಲ್ಲಿ ನ್ಯೂ ಸೌತ್ ವೇಲ್ಸ್ ಸರಕಾರ ಅದನ್ನು ಕೊಲ್ಲುವುದನ್ನೇ ನಿಷೇಧಿಸಬೇಕಾಯಿತು. ಆ ಕಾಲದ ಈಟಿ ಸ್ಪರ್ಧೆಗಳಲ್ಲಿ ಗೆದ್ದವರಲ್ಲಿ ವ್ಯಾಲರಿ ಟೇಲರ್ ಎಂಬ ಹೆಂಗಸೂ ಒಬ್ಬಳು. ಅವಳ ಗಂಡ ರಾನ್ ಟೇಲರ್ 1965ರಲ್ಲಿ ತಹೀತಿಯಲ್ಲಿ ವಿಶ್ವ ಚಾಂಪಿಯನ್ ಆದವನು. ಆಮೇಲೆ ಗಂಡಹೆಂಡತಿ ಇಬ್ಬರೂ ಈಟಿ ಇಳಿಸಿ ಕ್ಯಾಮೆರಾ ಹಿಡಿದರು, ಶಾರ್ಕುಗಳ ಪರವಾಗಿ ಮಾತಾಡಿದರು. ಮಗಳು ಇದನ್ನೆಲ್ಲ ಹೇಳುವಾಗ ನನಗೆ ಅನ್ನಿಸಿದ್ದು, ಹೊಡೆಯಲು ಬಲ್ಲವರಿಗೇ ಯಾವಾಗ ಹೊಡೆಯಬಾರದು ಎಂಬುದೂ ಚೆನ್ನಾಗಿ ತಿಳಿಯುತ್ತದೆ ಎಂದು.

ಅದೇನೇ ಇರಲಿ, ನನ್ನ ಎದೆಯಲ್ಲಿದ್ದದ್ದು ಶಾರ್ಕ್ ಅಲ್ಲ, ಹಗ್ಗ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಹಿಂದಿನ ಕೇರಿಯ ಒಬ್ಬ ಮೀನುಗಾರ ಕಡಲಿಗೆ ಹೋದವನು ಬರಲಿಲ್ಲ. ಬಲೆ ಬಿಡುವಾಗ ಹಗ್ಗದ ಸುತ್ತು ಕಾಲಿಗೆ ಸಿಕ್ಕಿ, ಬಲೆಯ ಜೊತೆಗೇ ಅವನೂ ಇಳಿದುಹೋದನಂತೆ. ಅವನ ಹೆಂಡತಿ ಆಮೇಲೆ ಎಷ್ಟೋ ವರ್ಷ ನಮ್ಮ ಮನೆಗೆ ಮೀನು ತಂದು ಕೊಡುತ್ತಿದ್ದಳು. ಅಂಗಳದಲ್ಲಿ ಕುಳಿತು ಮೀನು ಎಣಿಸುತ್ತ ಒಮ್ಮೆ ನನ್ನ ಅಮ್ಮನ ಹತ್ತಿರ ಹೇಳಿದ್ದು ಈಗಲೂ ನೆನಪಿದೆ: "ಕಡಲು ಅವರನ್ನ ತಕ್ಕೊಳ್ಳಲಿಲ್ಲ ಅಮ್ಮಾ, ಹಗ್ಗ ತಕ್ಕೊಂಡಿತು." ಮಗಳ ಶೆಡ್ಡಿನಲ್ಲಿ ಸುರುಳಿ ಸುತ್ತಿ ಇಟ್ಟಿದ್ದ ಕಿತ್ತಳೆ ಬಣ್ಣದ ಹಗ್ಗವನ್ನು ಕಂಡಾಗ ನನಗೆ ಆ ಮಾತೇ ಕೇಳಿಸಿತು. ಆದ್ದರಿಂದ ಅಂಗಡಿಗೆ ಹೋಗುವಾಗ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ನೋಡೋಣ ಎಂದುಕೊಂಡು ಹೋದೆ.

ಅಂಗಡಿಯವನು ನನ್ನದೇ ವಯಸ್ಸಿನವನು. ಕೈ ತುಂಬ ಹಳೆಯ ಗಾಯದ ಗೆರೆಗಳು. ಮಾರುವ ಅವಸರವಿಲ್ಲ. ಮೊದಲು ಕೇಳಿದ್ದೇ, "ಯಾವ ಮೀನು?" ಮಗಳು ಅಲ್ಲಿಯ ಹೆಸರು ಹೇಳಿದಳು, ಸ್ಪ್ಯಾನಿಷ್ ಮ್ಯಾಕರೆಲ್. ಗೋಡೆಯ ಚಿತ್ರ ತೋರಿಸಿದಾಗ ನಾನು ಗುರುತು ಹಿಡಿದುಬಿಟ್ಟೆ. ಮೈಮೇಲೆ ಅಡ್ಡಡ್ಡ ಗೆರೆ, ಬೆಳ್ಳಿಯ ಹೊಟ್ಟೆ, ಚೂಪು ಮೂತಿ. ಅದು ನಮ್ಮ ಇಸ್ವಾಣ! ಮಂಗಳೂರಿನವರು ಅಂಜಲ್ ಎನ್ನುವುದು ಇದನ್ನೇ. ಎರಡು ಮೀಟರಿಗೂ ಮೀರಿ ಬೆಳೆಯುವ ಮೀನು. ಪೇಟೆಯಲ್ಲಿ ತುಂಡಿನ ಲೆಕ್ಕದಲ್ಲಿ ಕೊಳ್ಳುವ ನಮಗೆ ಅದರ ಪೂರ್ತಿ ಗಾತ್ರ ಮರೆತೇಹೋಗಿರುತ್ತದೆ.

ಮಗಳ ಹಳೆಯ ಗನ್ 90 ಸೆಂಟಿಮೀಟರಿನದು. ಬಂಡೆಯ ಸಂದಿಯಲ್ಲಿ ಹತ್ತಿರದಿಂದ ಹೊಡೆಯಲು, ಅತ್ತಿತ್ತ ಬೇಗ ತಿರುಗಿಸಲು ಅದು ಸರಿ. ತೆರೆದ ನೀರಿನಲ್ಲಿ ಮೀನು ದೂರವೇ ಇರುತ್ತದೆ. ಈಟಿ ನಾಲ್ಕೈದು ಮೀಟರ್ ಹೋಗಿಯೂ ದಪ್ಪ ಮೈಯನ್ನು ತೂರಬೇಕು. ಅದಕ್ಕೆ 130 ಸೆಂಟಿಮೀಟರಿನದಾದರೂ ಬೇಕು. ಗನ್ ಎಂದರೆ ಬೇರೇನಲ್ಲ, ಹುಡುಗರು ಮಾವಿನಕಾಯಿಗೆ ಹೊಡೆಯುವ ರಬ್ಬರಿನ ಕವಣೆಯ ದೊಡ್ಡಣ್ಣ. ಉದ್ದದ ದಂಡ, ಅದರ ಮೇಲೆ ಉಕ್ಕಿನ ಈಟಿ, ಅದನ್ನು ಚಿಮ್ಮಿಸಲು ದಪ್ಪ ರಬ್ಬರ್ ಪಟ್ಟಿ. ಸಣ್ಣ ಮೀನಿಗೆ ಒಂದು ಪಟ್ಟಿ ಸಾಕು, ಇಸ್ವಾಣಕ್ಕೆ ಎರಡು ಮೂರು, ಭಾರೀ ಟ್ಯೂನಾ ಹೊಡೆಯುವವರು ನಾಲ್ಕೈದು ಹಾಕುತ್ತಾರೆ. ಪಟ್ಟಿ ಹೆಚ್ಚಿದಷ್ಟೂ ಈಟಿಯೂ ದಪ್ಪಗಿರಬೇಕು, ಇಲ್ಲದಿದ್ದರೆ ಹಾರುವಾಗ ಬಳುಕಿ ಗುರಿ ತಪ್ಪುತ್ತದೆ. ಗನ್ನಿಗೂ ತೂಕ ಬೇಕು, ಇಲ್ಲದಿದ್ದರೆ ಒದೆತವೆಲ್ಲ ಮುಂಗೈಗೆ. ಅದಕ್ಕೇ ದೊಡ್ಡ ಮೀನಿನ ಗನ್ನುಗಳಲ್ಲಿ ಮರದವೂ ಇವೆ. ಒಂದನ್ನು ಕೈಗೆ ಕೊಟ್ಟ. ಮೂಸಿ ನೋಡಿದೆ, ತೇಗ! ಉಪ್ಪು ನೀರಿನಲ್ಲಿ ಡೊಂಕಾಗದ, ಕೊಳೆಯದ ಮರವೆಂದು ದಾಂಡೇಲಿಯ ಪಕ್ಕದವರಾದ ನಮಗೆ ಯಾರೂ ಹೇಳಬೇಕಾಗಿಲ್ಲ.

ಮಗಳಿಗೆ ಮರದ್ದರ ಮೇಲೆ ಆಸೆಯಾಯಿತು. ಅಂಗಡಿಯವನು ಅದರ ಹಿಂಬದಿಯನ್ನು ಅವಳ ಎದೆಗೆ ಒತ್ತಿಸಿ, "ಕೈ ಚಾಚಿ ರಬ್ಬರ್ ಮುಟ್ಟು" ಎಂದ. ಮುಟ್ಟಿತು, ಆದರೆ ಬೆರಳ ತುದಿಯಲ್ಲಿ. ಅಷ್ಟರಲ್ಲಿ ಎಳೆಯಲು ಬಲ ಸಾಲದು. ಆರಡಿ ಗಂಡಸಿನ ಕೈಯಳತೆಗೆ ಮಾಡಿದ ಸಾಮಾನು ಐದಡಿ ಎರಡಂಗುಲದ ನಮ್ಮ ಹುಡುಗಿಗೆ ಹೇಗೆ ಹೊಂದಬೇಕು? ಅವನು ಬೇರೊಂದು ತೋರಿಸಿದ. ಉದ್ದ ಅಷ್ಟೇ, ಕೊಳವೆ ಹಗುರ, ಈಟಿಯ ಬೆನ್ನಿನ ಮೇಲೆ ಎರಡು ಮೂರು ಕಡೆ ಸಣ್ಣ ಕೊಕ್ಕೆ. ರಬ್ಬರನ್ನು ಮೊದಲು ಮುಂದಿನ ಕೊಕ್ಕೆಗೆ ಸಿಕ್ಕಿಸಿ ಉಸಿರು ತೆಗೆದುಕೊಂಡು, ಆಮೇಲೆ ಹಿಂದಿನ ಕೊಕ್ಕೆಗೆ ಎಳೆಯಬಹುದು. ಮೆಟ್ಟಿಲು ಹತ್ತಿದಂತೆ. ಸೀರೆ ಎಷ್ಟೇ ಚೆಂದವಿರಲಿ, ಕುಪ್ಪಸ ನಮ್ಮ ಅಳತೆಗೇ ಹೊಲಿಸಬೇಕು ಎಂದೆ. ಮಗಳು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಳು, ಅವನು ತಲೆಯಾಡಿಸಿದ.

ಮುಂದೆ ಬಂದದ್ದು ಈಟಿಯ ತುದಿ. ಇಲ್ಲಿ ನನ್ನ ಅಡುಗೆಮನೆಯ ಅನುಭವ ಉಪಯೋಗಕ್ಕೆ ಬಂತು. ಇಸ್ವಾಣದ ಮಾಂಸ ಮೆತ್ತಗೆ. ಹುರಿಯುವಾಗ ಸೌಟು ಸ್ವಲ್ಪ ಜೋರಾಗಿ ತಾಗಿದರೂ ತುಂಡು ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ಅಂಥ ಮೀನಿಗೆ ಈಟಿ ನೆಟ್ಟು ಗಟ್ಟಿಯಾಗಿ ಎಳೆದರೆ ಏನಾದೀತು? ಮಾಂಸ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ, ಗಾಯದಿಂದ ಎಲ್ಲೋ ಸಾಯುತ್ತದೆ. ನಮಗೂ ಇಲ್ಲ, ಕಡಲಿಗೂ ಇಲ್ಲ. ಅದಕ್ಕೇ ಸ್ಲಿಪ್ ಟಿಪ್ ಎಂಬ ತುದಿ. ಮೀನನ್ನು ತೂರಿ ಹೊರಬಂದ ಕೂಡಲೇ ಅದು ಈಟಿಯಿಂದ ಕಳಚಿ, ಚಿಕ್ಕ ತಂತಿಯ ತುದಿಯಲ್ಲಿ ಅಡ್ಡಲಾಗಿ ನಿಲ್ಲುತ್ತದೆ. ಕಾಜದೊಳಗೆ ತೂರಿದ ಗುಂಡಿ ಆಚೆ ಅಡ್ಡ ನಿಲ್ಲುವುದಿಲ್ಲವೇ, ಹಾಗೆ. ಎಳೆದರೂ ಹಿಂದೆ ಬಾರದು, ಉದ್ದದ ಈಟಿ ಗಾಯವನ್ನು ಕಿತ್ತು ದೊಡ್ಡದು ಮಾಡುವುದೂ ಇಲ್ಲ.

ಈಟಿಗೆ ಹಗ್ಗ ಬೇಕಲ್ಲ! ನಾನು ಕಾದು ಕುಳಿತಿದ್ದ ಮಾತು ಅದೇ. "ದೊಡ್ಡ ಮೀನು ಎಳೆದುಕೊಂಡು ಹೋದರೆ ಇವಳ ಗತಿ?" ಎಂದು ಕನ್ನಡದಲ್ಲೇ ಕೇಳಿದೆ. ಮಗಳು ಅನುವಾದಿಸುವ ಮೊದಲೇ ಅವನಿಗೆ ಅರ್ಥವಾದಂತಿತ್ತು. ಎಲ್ಲ ಅಮ್ಮಂದಿರೂ ಕೇಳುವ ಪ್ರಶ್ನೆ ಅದೊಂದೇ ಇರಬೇಕು. ಮೇಜಿನ ಮೇಲೆ ಎಲ್ಲವನ್ನೂ ಸಾಲಾಗಿ ಹರಡಿದ. ಸಣ್ಣ ಮೀನಿಗಾದರೆ ಈಟಿಯ ದಾರ ಗನ್ನಿಗೇ ಕಟ್ಟಿರುತ್ತದೆ. ದೊಡ್ಡ ಮೀನಿಗೆ ಹಾಗೆ ಕಟ್ಟಿದರೆ ಮೀನು ಗನ್ನನ್ನೂ ಸೆಳೆಯುತ್ತದೆ, ಗನ್ ಹಿಡಿದವಳನ್ನೂ ಸೆಳೆಯುತ್ತದೆ. ಹಾಗಾಗಿ ಈಟಿಯ ದಾರವನ್ನು ನೇರವಾಗಿ ಇಪ್ಪತ್ತೈದು ಮೂವತ್ತು ಮೀಟರಿನ ತೇಲುಹಗ್ಗಕ್ಕೆ ಸೇರಿಸುತ್ತಾರೆ, ಹಗ್ಗದ ಇನ್ನೊಂದು ತುದಿ ನೀರಿನ ಮೇಲೆ ತೇಲುವ ಗಾಳಿಬುರುಡೆಗೆ. ಹೊಡೆದ ಕ್ಷಣದಲ್ಲಿ ಈಟಿ, ದಾರ, ಹಗ್ಗ ಎಲ್ಲ ಗನ್ನಿನಿಂದ ಕಳಚಿ ಮೀನಿನ ಹಿಂದೆ ಹೋಗುತ್ತವೆ. ಖಾಲಿ ಗನ್ ಮಾತ್ರ ಇವಳ ಕೈಯಲ್ಲಿ. ಮೀನು ಎಳೆಯಬೇಕಾದರೆ ಬುರುಡೆಯನ್ನು ಎಳೆದು ದಣಿಯಲಿ, ಇವಳು ಮೇಲೆ ಬಂದು ಉಸಿರಾಡಲಿ. ನಡುವೆ ಹಿಗ್ಗುವ ರಬ್ಬರಿನ ಒಂದು ತುಂಡು ಸೇರಿಸುತ್ತಾರೆ. ಮೀನು ಜಗ್ಗಿದಾಗ ಅದು ಹಿಗ್ಗಿ ಸೆಳೆತವನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಿನ ಮಾಂಸ ಹರಿಯುವುದಿಲ್ಲ.

"ಒಂದೇ ಮಾತು," ಎಂದು ಅವನು ತನ್ನ ಮಣಿಕಟ್ಟು ತೋರಿಸಿದ. ಅಲ್ಲೊಂದು ಬಿಳಿ ಗೆರೆ. "ಹಗ್ಗವನ್ನು ಬೆರಳುಗಳ ನಡುವೆ ಜಾರಲು ಬಿಡು. ಎಂದೂ ಕೈಗೆ ಸುತ್ತಿಕೊಳ್ಳಬೇಡ." ನನಗೆ ತವರುಮನೆಯ ಕೊಟ್ಟಿಗೆ ನೆನಪಾಯಿತು. ಕರುವನ್ನು ಹಾಲಿಗೆ ಬಿಡುವಾಗ ಅಜ್ಜಿ ದಿನವೂ ಕೂಗುತ್ತಿದ್ದದ್ದು ಇದನ್ನೇ: "ಹಗ್ಗ ಕೈಗೆ ಸುತ್ತಿಕೊಳ್ಳಬೇಡ್ವೇ!" ಕರು ಓಡಿದರೆ ಮತ್ತೆ ಹಿಡಿಯಬಹುದು, ಬೆರಳು ಹೋದರೆ ಬರುವುದಿಲ್ಲ.

ಮೈಗೆ ಹಾಕುವ ಸಾಮಾನಿನ ಪಟ್ಟಿಯೂ ಸಣ್ಣದಲ್ಲ. ಮುಖವಾಡವನ್ನು ಆರಿಸುವ ರೀತಿ ಸುಲಭ. ಪಟ್ಟಿ ಹಾಕದೆ ಮುಖಕ್ಕೆ ಇಟ್ಟು ಮೂಗಿನಿಂದ ಸ್ವಲ್ಪ ಉಸಿರೆಳೆದರೆ ಅದು ತಾನಾಗಿ ಅಂಟಿ ನಿಲ್ಲಬೇಕು. ಒಳಗಿನ ಜಾಗ ಕಡಿಮೆಯಿರುವುದು ಒಳ್ಳೆಯದು, ಏಕೆಂದರೆ ಆಳಕ್ಕೆ ಹೋದಂತೆ ಆ ಜಾಗಕ್ಕೂ ಇದ್ದೊಂದು ಉಸಿರಿನಲ್ಲೇ ಪಾಲು ಕೊಡಬೇಕು. ಕಾಲಿಗೆ ಉದ್ದುದ್ದ ರೆಕ್ಕೆಗಳು. ಬೆಲೆಯ ಕಾರ್ಬನ್ನಿಗಿಂತ ಪಾದಕ್ಕೆ ಸರಿಯಾಗಿ ಕೂರುವ ಪ್ಲಾಸ್ಟಿಕ್ಕೇ ಮೇಲು ಎಂದು ಅಂಗಡಿಯವನೇ ಹೇಳಿದ. ಮೈಗಂಟುವ ರಬ್ಬರಿನ ಉಡುಪು ಒಣಗಿದ ಮೈಗೆ ಏರುವುದೇ ಇಲ್ಲ, ಶಾಂಪೂ ಕದಡಿದ ನೀರು ಹೊಯ್ದು ಜಾರಿಸಬೇಕು. ಬಳೆಗಾರನ ಮುಂದೆ ಕೈಗೆ ಸೋಪು ಹಚ್ಚಿ ಕುಳಿತವರಿಗೆ ಇದು ಹೊಸದೇ?

ಸೊಂಟಕ್ಕೆ ಸೀಸದ ತೂಕದ ಪಟ್ಟಿ. ಅದು ರಬ್ಬರಿನದೇ ಆಗಿರಬೇಕು. ಆಳದಲ್ಲಿ ನೀರಿನ ಒತ್ತಡಕ್ಕೆ ಉಡುಪು ತೆಳ್ಳಗಾಗುತ್ತದೆ. ಬಟ್ಟೆಯ ಪಟ್ಟಿಯಾದರೆ ಸಡಿಲಾಗಿ ಜಾರುತ್ತದೆ, ರಬ್ಬರಿನದು ಮೈಗೆ ತಕ್ಕಂತೆ ಬಿಗಿಯುತ್ತದೆ. ತೂಕ ಎಷ್ಟೆಂದರೆ, ನೀರಿನ ಮೇಲೆ ಉಸಿರು ಬಿಟ್ಟರೂ ಮುಳುಗದಷ್ಟು. ಮುಖ್ಯವಾದದ್ದು ಅದರ ಕೊಂಡಿ: ಒಂದೇ ಕೈಯಲ್ಲಿ, ಕಣ್ಣುಮುಚ್ಚಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ಜೊತೆಗೆ ಒಂದು ಚಾಕು, ಎರಡೂ ಕೈಗೆ ಎಟುಕುವ ಜಾಗದಲ್ಲಿ, ಹಗ್ಗ ಸುತ್ತಿಕೊಂಡರೆ ಕತ್ತರಿಸಲು. ಲೆಕ್ಕ ಹಾಕಿ ನೋಡಿ: ಕಳಚುವ ಈಟಿ, ಜಾರುವ ಹಗ್ಗ, ಬಿಚ್ಚುವ ಪಟ್ಟಿ, ಕತ್ತರಿಸುವ ಚಾಕು. ಹಿಡಿಯಲೆಂದು ಕೊಂಡ ಸಾಮಾನಿನಲ್ಲಿ ಅರ್ಧದಷ್ಟು ಬಿಡುವುದಕ್ಕೇ ಇದೆ! ಅಂಗಡಿಯಿಂದ ಹೊರಬರುವಾಗ ನನ್ನ ಎದೆಯ ಭಾರದಲ್ಲಿ ಸ್ವಲ್ಪ ಅಲ್ಲೇ ಉಳಿದಿತ್ತು.

ಮನೆಗೆ ಬಂದ ಮೇಲೆ ಜೋಡಿಸುವ ಕೆಲಸ. ಹಜಾರದಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿದೆವು. ಅಳಿಯನಿಗೆ ಮೀನು ಆಗದಿದ್ದರೂ ಗಂಟು ಚೆನ್ನಾಗಿ ಆಗುತ್ತದೆ. ಅಡಿಕೆ ತೋಟದ ಹುಡುಗ. ರಬ್ಬರಿನ ಕೊಳವೆ ಕತ್ತರಿಸಿ, ನಡುವೆ ಸಣ್ಣ ಬಲವಾದ ದಾರ ಸೇರಿಸಿ, ತುದಿ ಬಿಗಿದು ಕಟ್ಟಿದವನು ಅವನೇ. ಪ್ರತಿ ಗಂಟನ್ನೂ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮೈಭಾರ ಹಾಕಿ ಜಗ್ಗಿ ನೋಡಿದ. ರಬ್ಬರಿಗೆ ಬಿಸಿಲು ಆಗದು, ಸಣ್ಣ ಸೀಳು ಕಂಡರೂ ಬದಲಾಯಿಸಬೇಕು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಇಡಬೇಕು. ನೀರಿಗಿಳಿಯುವ ಮೊದಲು ರಬ್ಬರ್ ಏರಿಸುವಂತಿಲ್ಲ, ನೀರಿನಿಂದ ಹತ್ತುವ ಮೊದಲು ಇಳಿಸಲೇಬೇಕು. ಏರಿಸಿದ ಗನ್ನನ್ನು ಯಾರ ಕಡೆಗೂ ತಿರುಗಿಸುವಂತಿಲ್ಲ. ಕೊನೆಗೆ ಮಗಳು ಚಾಪೆಯ ಮೇಲೆ ಕಣ್ಣುಮುಚ್ಚಿ ನಿಂತು ಸೊಂಟದ ಪಟ್ಟಿಯನ್ನು ಇಪ್ಪತ್ತು ಸಲ ಬಿಚ್ಚಿದಳು. ನಾನು ಎಣಿಸಿದೆ.

ಇಷ್ಟೆಲ್ಲ ಇದ್ದರೂ ಅಂಗಡಿಯಲ್ಲಿ ಸಿಗದ ಒಂದು ಸಾಮಾನಿದೆ, ಅದು ಜೊತೆಗಾತಿ. ಇದನ್ನು ತಿಳಿದಿರುವುದು ಒಳ್ಳೆಯದು, ಕೆರೆ ಹೊಳೆಗಳಲ್ಲಿ ಮುಳುಗಿ ಪಂದ್ಯ ಕಟ್ಟುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದೆಂದು ಹಲವರ ನಂಬಿಕೆ. ಹಾಗೆ ಮಾಡಿದಾಗ ಆಗುವುದು ಬೇರೆ. ದೇಹದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕು ಎಂದು ನಮ್ಮನ್ನು ಎಚ್ಚರಿಸುವುದು ಮುಖ್ಯವಾಗಿ ಅದೇ. ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ, ಆಮ್ಲಜನಕ ಮಾತ್ರ ಮುಗಿಯುತ್ತ ಬರುತ್ತದೆ. ಮೇಲೇರುವಾಗ ನೀರಿನ ಒತ್ತಡ ಇಳಿದಂತೆ ಉಳಿದಿದ್ದ ಆಮ್ಲಜನಕವೂ ಮೆದುಳಿಗೆ ಸಾಲದಾಗಿ, ಇನ್ನೇನು ಮೇಲೆ ಬಂದೆ ಎನ್ನುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ಒಂಟಿಯಾಗಿದ್ದರೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಒಬ್ಬರು ಕೆಳಗೆ, ಒಬ್ಬರು ಮೇಲೆ; ಬಂದವರು ಸರಿಯಾಗಿ ಉಸಿರಾಡುವ ತನಕ ಮೇಲಿದ್ದವರು ಕಣ್ಣು ತೆಗೆಯಬಾರದು. ಮಗಳ ಜೊತೆಗಾತಿ ಐವತ್ತು ದಾಟಿದ ನರ್ಸ್ ಬಾಯಿ. ನಾನು ಅವರನ್ನು ಊಟಕ್ಕೆ ಕರೆದು ಸೋಲ್ ಕಡಿ ಬಡಿಸಿದೆ. ಹೋಗುವಾಗ ನನ್ನ ಕೈ ಹಿಡಿದು, "ನಾನು ಕಣ್ಣು ತೆಗೆಯುವುದಿಲ್ಲ" ಎಂದರು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ.

ಏಪ್ರಿಲ್‌ನ ಒಂದು ಶನಿವಾರ ಅವರು ಮೋರ್ಟನ್ ದ್ವೀಪದ ಆಚೆಗೆ ದೋಣಿಯಲ್ಲಿ ಹೋದರು. ಸಂಜೆ ಬಂದಾಗ ತಂದದ್ದು ಒಂದೇ ಇಸ್ವಾಣ, ಒಂಬತ್ತು ಕಿಲೋ. ಇನ್ನೊಂದು ಹತ್ತಿರವೇ ಬಂದಿತ್ತಂತೆ, ಇವಳು ಹೊಡೆಯಲಿಲ್ಲ. ಅಲ್ಲಿಯ ಪೂರ್ವ ಕರಾವಳಿಯಲ್ಲಿ ಈ ಮೀನು ತೀರ ಕಡಿಮೆಯಾಗಿದೆಯೆಂದು ಕಂಡು, 2023ರ ಜುಲೈಯಲ್ಲಿ ಸರಕಾರ ಹವ್ಯಾಸಿಗಳ ಮಿತಿಯನ್ನು ತಲೆಗೆ ಮೂರರಿಂದ ಒಂದಕ್ಕೆ ಇಳಿಸಿದೆ. 75 ಸೆಂಟಿಮೀಟರಿಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ. ಹೊಡೆದ ಮೇಲೆ ಅಳೆದು ಚಿಕ್ಕದಾಯಿತೆಂದು ತಿರುಗಿ ಬಿಡಲು ಈಟಿಯವರಿಗೆ ಸಾಧ್ಯವಿಲ್ಲ, ಕಣ್ಣಿನಲ್ಲೇ ಅಳೆಯಬೇಕು. ನಾನು ಮೀನಿನ ಕಿವಿರೆತ್ತಿ ನೋಡಿದೆ. ಅಷ್ಟು ಕೆಂಪು ಕಿವಿರನ್ನು ಪೇಟೆಯಲ್ಲಿ ಕಂಡದ್ದಿಲ್ಲ. ತಲೆಯನ್ನು ಹುಳಿ ಮಾಡಿದೆ, ತುಂಡುಗಳಿಗೆ ರವೆ ಹಚ್ಚಿ ಹುರಿದೆ. ಅಳಿಯ ಎಲ್ಲ ಕಿಟಕಿ ತೆರೆದು, ತನ್ನ ತಂಬುಳಿ ಅನ್ನದ ತಟ್ಟೆ ಹಿಡಿದು ನಮ್ಮ ಜೊತೆಗೇ ಕುಳಿತ.

ಊರಿಗೆ ಬಂದ ಮೇಲೂ ಶನಿವಾರವೆಂದರೆ ನನ್ನ ಕಿವಿ ಫೋನಿನ ಕಡೆಗೇ. ಹೆದರಿಕೆ ಹೋಯಿತೆಂದು ಹೇಳಲಾರೆ. ಹೆತ್ತವರ ಹೆದರಿಕೆ ಹೋಗುವಂಥದ್ದಲ್ಲ. ಆದರೆ ಈಗ ಅದಕ್ಕೆ ಕೇಳಲು ನಾಲ್ಕು ಸರಿಯಾದ ಪ್ರಶ್ನೆಗಳಿವೆ. ರಬ್ಬರ್ ನೋಡಿದೆಯಾ, ಪಟ್ಟಿ ಬಿಚ್ಚಿ ನೋಡಿದೆಯಾ, ಚಾಕು ಎಲ್ಲಿದೆ, ಜೊತೆಗೆ ಯಾರು? ಕಳೆದ ತಿಂಗಳು ಮಗಳ ದನಿ ಸ್ವಲ್ಪ ಸಪ್ಪಗಿತ್ತು. "ಆಯಿ, ಇವತ್ತು ದೊಡ್ಡ ಮೀನು ಸಿಕ್ಕಿತ್ತು. ಅರ್ಧ ಎಳೆದಿದ್ದೆ. ಶಾರ್ಕ್ ಬಂತು. ಹಗ್ಗ ಬಿಟ್ಟುಬಿಟ್ಟೆ."

"ಒಳ್ಳೇದಾಯ್ತು ಮಗಾ" ಎಂದೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.